ಬಳಸುದಾರಿಯ ಕೊನೆಗೊಂದು ದೇವಾಲಯ

ಚನ್ನರಾಯಪಟ್ಟಣದಿಂದ ಹಾಸನಕ್ಕೆ ಹೊರಟವರಿಗೆ ದಾರಿಯ ಚಿಂತೆಯಿಲ್ಲ. ಬೆಂಗಳೂರು–ಮಂಗಳೂರು ರಾಷ್ಟ್ರೀಯ ಹೆದ್ದಾರಿಯು ಊರ ಮಗ್ಗುಲಲ್ಲೇ ಹಾದುಹೋಗುತ್ತದೆ. ಹಿಂದೆ 48ನೆಯದೆನಿಸಿದ್ದ ಈ ಹೆದ್ದಾರಿಗೆ ಈಗ 75 ಎಂಬ ಸಂಖ್ಯೆ. ಸುಮಾರು 40 ಕಿಲೋಮೀಟರುಗಳ ಆ ಹಾದಿ ಮಾತು ಮುಗಿಯುವುದರೊಳಗೆ ಮುಗಿದುಹೋಗುತ್ತದೆ. ಇಂಥ ನೇರದಾರಿಯಿರುವಾಗ ಹೊಳೆನರಸೀಪುರ, ಅರಕಲಗೂಡು, ಗೊರೂರುಗಳನ್ನು ಬಳಸಿ, ಎರಡು ಪಟ್ಟಿಗೂ ಮಿಕ್ಕಿದ ದೂರ ಸುತ್ತಿ ಹಾಸನ ಸೇರುವವರು ಯಾರು ಎಂದು ವಾಚಕರು ಕೇಳಬಹುದು. ನಾವೂ ಹಾಗೆಯೇ ಕೇಳಿದ್ದೆವು.

ಕೇಳಿದ್ದು ನಮ್ಮ ಸೋದರತ್ತೆಯವರನ್ನು. ಮದುವೆಯಾಗಿ ಅವರು ಕಾಲಿಟ್ಟ ಊರು ಶೆಟ್ಟಿಹಳ್ಳಿ. ಹೇಮಾವತಿ ಜಲಾಶಯದ ನೀರು ಏರಿದಾಗ ಊರು ಬಿಟ್ಟ ಕುಟುಂಬಗಳಲ್ಲಿ ಅವರದೂ ಒಂದು. ಅಂದಿನಿಂದ ಅವರು ಅತ್ತ ಮುಖ ಮಾಡಿರಲಿಲ್ಲ. ಒಂದು ಅಕ್ಟೋಬರ್ ತಿಂಗಳಿನಲ್ಲಿ, ಹಾಸನದಲ್ಲಿ ನೆಂಟರ ಮನೆಯ ಶುಭಕಾರ್ಯಕ್ಕೆ ಹೊರಟಿದ್ದಾಗ, ಕಾರಿನಲ್ಲಿ ಕುಳಿತ ಮೇಲೆ ಅವರು ಮೆಲ್ಲನೆ ಹೇಳಿದರು: “ಹೊಳೆ ದಾರೀಲಿ ಹೋಗೋಣ ಕಣಪ್ಪ. ಇನ್ನೊಂದು ಸಲ ಬರ್ತೀನೋ ಇಲ್ವೋ.” ಆ ಮಾತಿಗೆ ಎದುರಾಡುವ ಧೈರ್ಯ ಯಾರಿಗೂ ಬರಲಿಲ್ಲ.

ಹೆದ್ದಾರಿಯನ್ನು ಬಿಟ್ಟೊಡನೆ ಪ್ರಯಾಣದ ಲಯವೇ ಬೇರೆಯಾಯಿತು. ಚನ್ನರಾಯಪಟ್ಟಣದ ತೆಂಗಿನ ತೋಟಗಳು, ರಾಗಿಯ ಹೊಲಗಳು ನಿಧಾನವಾಗಿ ಹಿಂದೆ ಸರಿದವು. ರಸ್ತೆ ಕಿರಿದು, ಎದುರಿಗೆ ಎತ್ತಿನ ಗಾಡಿಯೋ ಕುರಿಮಂದೆಯೋ ಬಂದರೆ ನಿಂತು ದಾರಿ ಕೊಡಬೇಕು. ಹೊಳೆನರಸೀಪುರದಲ್ಲಿ ಹೇಮಾವತಿಯ ದರ್ಶನವಾಗುತ್ತದೆ. ಊರಿನ ಹೆಸರಿನ ಮೊದಲಿಗೇ ಹೊಳೆಯಿದೆಯಷ್ಟೆ. ಅಲ್ಲಿಂದ ಮುಂದಿನ ಅರಕಲಗೂಡು ಸೀಮೆಯು ಉತ್ತರಕ್ಕೆ ಹೇಮಾವತಿ, ದಕ್ಷಿಣಕ್ಕೆ ಕಾವೇರಿ ಎಂಬಂತೆ ಎರಡು ನದಿಗಳ ನಡುವಣ ನಾಡು. ಆಲೂಗೆಡ್ಡೆ, ಹೊಗೆಸೊಪ್ಪು, ರಾಗಿಗಳು ಋತುವಿಗೊಂದು ಬಣ್ಣವನ್ನು ಆ ನೆಲಕ್ಕೆ ಬಳಿಯುತ್ತವೆ. ದಾರಿಯಲ್ಲಿ ದೊಡ್ಡ ಹೋಟೆಲುಗಳಿಲ್ಲ. ಬುತ್ತಿ ಕಟ್ಟಿಕೊಂಡು ಹೋಗಿ ಮರದ ನೆರಳಿನಲ್ಲಿ ಬಿಚ್ಚಿದರೆ ಮಕ್ಕಳಿಗೆ ಅದೇ ಹಬ್ಬ.

ಗೊರೂರು ಎಂದೊಡನೆ ಕನ್ನಡಿಗರಿಗೆ ನೆನಪಾಗುವವರು ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರು. 1904ರಲ್ಲಿ ಜನಿಸಿ 1991ರಲ್ಲಿ ತೀರಿಕೊಂಡ ಅವರು ಈ ಹೊಳೆಯ ದಡದ ಹಳ್ಳಿಗಳ ಬದುಕನ್ನು ನಗುನಗುತ್ತಲೇ ಬರೆದು ನಾಡಿಗೆ ಪರಿಚಯಿಸಿದರು. ಅವರು ಕಂಡ ಹೊಳೆಗೆ ಇಲ್ಲಿ ಈಗ ಅಣೆಕಟ್ಟು ಅಡ್ಡ ನಿಂತಿದೆ. ಚಿಕ್ಕಮಗಳೂರು ಜಿಲ್ಲೆಯ ಬಲ್ಲಾಳರಾಯನ ದುರ್ಗದ ಸೀಮೆಯಲ್ಲಿ ಹುಟ್ಟಿ ಹರಿದುಬರುವ ಹೇಮಾವತಿಗೆ ಗೊರೂರಿನ ಬಳಿ ಯಗಚಿ ಕೂಡಿಕೊಳ್ಳುತ್ತದೆ. ಅಲ್ಲಿ ಕಟ್ಟಲಾದ ಅಣೆಕಟ್ಟು 1979ರಲ್ಲಿ ಪೂರ್ಣಗೊಂಡಿತು. ಜಲಾಶಯದ ಸಾಮರ್ಥ್ಯ ಸುಮಾರು 37 ಟಿ.ಎಂ.ಸಿ. ಅಡಿ, ತುಂಬಿದಾಗ ನೀರು ಹರಡುವುದು ಸುಮಾರು 8,500 ಹೆಕ್ಟೇರ್ ನೆಲದ ಮೇಲೆ. ಆ ನೆಲದಲ್ಲಿ ಊರುಗಳಿದ್ದವು, ಗದ್ದೆಗಳಿದ್ದವು, ಗುಡಿಗಳಿದ್ದವು. ಶೆಟ್ಟಿಹಳ್ಳಿಯ ಪವಿತ್ರ ಜಪಮಾಲೆ ಮಾತೆಯ ದೇವಾಲಯವೂ ಇತ್ತು.

ಹಾಸನ ಸೀಮೆಯಲ್ಲಿ ಕ್ರೈಸ್ತ ಒಕ್ಕಲು ಮಕ್ಕಳ ಊರುಗಳು ಬೆಳೆದ ಕಥೆಗೆ ಇನ್ನೂರು ವರ್ಷಗಳ ಹಿನ್ನೆಲೆಯಿದೆ. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಬಳಿಕ ಮೈಸೂರು ಸೀಮೆಗೆ ಬಂದ ಫ್ರೆಂಚ್ ಗುರು ಅಬ್ಬೆ ದ್ಯುಬುವಾ ಸ್ವಾಮಿಗಳು, ಚದುರಿಹೋಗಿದ್ದ ವಿಶ್ವಾಸಿಗಳನ್ನು ಒಂದುಗೂಡಿಸಿದರು. ಬಡವರನ್ನು ಬೇಸಾಯದಲ್ಲಿ ನೆಲೆನಿಲ್ಲಿಸಲು ಶ್ರಮಿಸಿದರು. ಸಿಡುಬಿನ ವಿರುದ್ಧ ಲಸಿಕೆ ಹಾಕಿಸುವ ಕಾರ್ಯದಲ್ಲಿ ಮುಂದಾದರು. 1823ರಲ್ಲಿ ಅವರು ಸ್ವದೇಶಕ್ಕೆ ಮರಳಿದರು. ಅವರ ತರುವಾಯವೂ ಫ್ರೆಂಚ್ ಗುರುಗಳು ಈ ಭಾಗದಲ್ಲಿ ಸೇವೆ ಸಲ್ಲಿಸಿದರು. ಇಂದು ನಾವು ಕಾಣುವ ಗಾಥಿಕ್ ಶೈಲಿಯ ಕಟ್ಟಡವು 1860ರ ದಶಕದ್ದೆಂದು ಹೇಳಲಾಗುತ್ತದೆ. ಗಾರೆಗೆ ಬೆಲ್ಲವನ್ನೂ ಮೊಟ್ಟೆಯನ್ನೂ ಬೆರೆಸಿದ್ದರೆಂಬುದು ಹಿರಿಯರ ಬಾಯಿಮಾತು. 1963ರಲ್ಲಿ ಚಿಕ್ಕಮಗಳೂರು ಧರ್ಮಕ್ಷೇತ್ರವು ಸ್ಥಾಪನೆಯಾದಾಗ ಹಾಸನ ಜಿಲ್ಲೆಯು ಅದರ ಮಡಿಲಿಗೆ ಬಂದಿತು. ಅದಾಗಿ ಎರಡು ದಶಕ ಕಳೆಯುವ ಮೊದಲೇ ಶೆಟ್ಟಿಹಳ್ಳಿಯ ದೇವಾಲಯದ ಗಂಟೆ ಮೌನವಾಯಿತು.

ಗೊರೂರಿನಿಂದ ಊರ ದಾರಿಗಳನ್ನು ಕೇಳಿಕೊಳ್ಳುತ್ತ ಹೋದೆವು. ಒಂದು ತಿರುವು ಕಳೆದೊಡನೆ ಎಡಬಲಗಳಲ್ಲಿ ಹಿನ್ನೀರು ತೆರೆದುಕೊಂಡಿತು. ಅದರ ನಡುವೆ, ದ್ವೀಪದಲ್ಲಿ ನಿಂತಂತೆ, ಮಾಡಿಲ್ಲದ ಆ ದೇವಾಲಯ. ಕಮಾನುಗಳ ಅರ್ಧದವರೆಗೆ ನೀರು. ಗೋಡೆಯ ಮೇಲೆ ಸಾಲಾಗಿ ಕುಳಿತ ಬೆಳ್ಳಕ್ಕಿಗಳು. ಬೇಸಿಗೆಯಲ್ಲಿ ನೀರು ಇಳಿದಾಗ ಒಳಗೆಲ್ಲ ನಡೆದಾಡಬಹುದು. ಮಳೆಗಾಲ ಕಳೆದ ಹೊಸತಿನಲ್ಲಿ ದಡದಿಂದಲೇ ನೋಡಬೇಕು. ಅಕ್ಟೋಬರ್ 7 ಜಪಮಾಲೆ ಮಾತೆಯ ಹಬ್ಬ. ಹಬ್ಬದ ತಿಂಗಳಿನಲ್ಲೇ ಮಾತೆಯ ದೇವಾಲಯವು ನೀರಿನಲ್ಲಿ ನಿಂತಿರುವುದನ್ನು ಕಂಡು ನಮಗೆ ಮಾತು ಹೊರಡಲಿಲ್ಲ.

ಮಕ್ಕಳು ಫೋಟೋ ತೆಗೆಯಲು ಓಡಿದರು. ಅತ್ತೆ ಕಾರಿನಿಂದಿಳಿದು, ಚಪ್ಪಲಿ ಕಳಚಿ, ಶಿಲುಬೆಯ ಗುರುತು ಹಾಕಿಕೊಂಡರು. ಅಳುತ್ತಾರೇನೋ ಎಂದು ನಾವು ಅಂಜಿದ್ದೆವು. ಅವರು ಅಳಲಿಲ್ಲ. ಬೆರಳು ತೋರಿಸಿ ಲೆಕ್ಕ ಹೇಳತೊಡಗಿದರು: ಅದು ಹೆಂಗಸರು ಕೂರುತ್ತಿದ್ದ ಕಡೆ, ಅದು ಪೀಠವಿದ್ದ ಜಾಗ, ಆಚೆ ನೀರಿನ ಕೆಳಗೆ ನಮ್ಮ ಗದ್ದೆ. ಆಮೇಲೆ ನನ್ನತ್ತ ತಿರುಗಿ ಕೇಳಿದರು: “ಈ ನೀರೇ ಅಲ್ವೇನಪ್ಪ ನಿಮ್ಮ ಕಡೆ ಕಾಲುವೆಗೆ ಬರೋದು?”

ಹೌದು, ಈ ನೀರೇ. ಹೇಮಾವತಿಯ ಎಡದಂಡೆ ಕಾಲುವೆ ನಮ್ಮ ಚನ್ನರಾಯಪಟ್ಟಣ ತಾಲ್ಲೂಕಿಗೆ ಬರುತ್ತದೆ. ಬಾಗೂರು–ನವಿಲೆ ಸುರಂಗದ ಮೂಲಕ ತುಮಕೂರು ಸೀಮೆಯವರೆಗೂ ಸಾಗುತ್ತದೆ. ನಮ್ಮ ಬಯಲಿನ ಬೆಳೆಗೆ, ಕುಡಿಯುವ ಕೊಡಕ್ಕೆ ಆಧಾರವಾದ ನೀರು ಒಂದು ಊರಿನ ಬಲಿಪೀಠದ ಮೇಲೆ ನಿಂತ ನೀರು ಎಂಬುದನ್ನು ನಾನು ಅಂದಿನವರೆಗೆ ಯೋಚಿಸಿಯೇ ಇರಲಿಲ್ಲ. ಹೌದೆಂದು ತಲೆಯಾಡಿಸಿದೆ. “ಹಾಗಾದ್ರೆ ಸರಿ, ವ್ಯರ್ಥ ಆಗ್ಲಿಲ್ಲ” ಎಂದು ಅವರು ಜಪಸರ ಕೈಗೆತ್ತಿಕೊಂಡರು. ಮಕ್ಕಳೂ ಬಂದು ಪಕ್ಕದಲ್ಲಿ ಮೊಣಕಾಲೂರಿದರು. ಐದು ರಹಸ್ಯಗಳು ಮುಗಿಯುವ ಹೊತ್ತಿಗೆ ಹಾಸನದ ಊಟದ ಸಮಯ ಮೀರಿತ್ತು. ಯಾರೂ ಗಡಿಯಾರ ನೋಡಲಿಲ್ಲ.

ಅಣೆಕಟ್ಟು ಬೇಡವಾಗಿತ್ತೆಂದು ಅತ್ತೆ ಹೇಳಲಿಲ್ಲ, ನೋವಾಗಲಿಲ್ಲವೆಂದೂ ಹೇಳಲಿಲ್ಲ. ಕೊಟ್ಟವರು ಲೆಕ್ಕ ಕೇಳದಿದ್ದರೂ ಪಡೆದವರು ಮರೆಯಬಾರದು. ಹಿನ್ನೀರಿನ ಅಂದವನ್ನು ಸವಿದು ಹಿಂದಿರುಗುವುದು ಸುಲಭ. ಆ ಅಂದದ ಕೆಳಗೆ ಯಾರ ಹೊಸ್ತಿಲಿದೆ ಎಂದು ನಮ್ಮ ಮಕ್ಕಳಿಗೆ ಹೇಳುವುದು ತಂದೆತಾಯಿಗಳ ಕರ್ತವ್ಯ.

ಹೋಗಬಯಸುವ ಕುಟುಂಬಗಳಿಗೆ ಕೆಲವು ಮಾತು. ಬೆಳಿಗ್ಗೆ ಬೇಗನೆ ಹೊರಡಿ. ಕತ್ತಲಾಗುವ ಮುನ್ನ ಕಿರುದಾರಿಗಳನ್ನು ದಾಟಿಕೊಳ್ಳಿ. ಗೊರೂರಿನಿಂದ ಹಾಸನಕ್ಕೆ ಸುಮಾರು 22 ಕಿಲೋಮೀಟರು. ಹಾಸನದಿಂದಲೇ ನೇರವಾಗಿ ಬರುವವರಿಗೂ ಶೆಟ್ಟಿಹಳ್ಳಿ ದೂರವಲ್ಲ. ನೀರಿನ ಆಳ ಮೇಲ್ನೋಟಕ್ಕೆ ತಿಳಿಯದು, ಮಕ್ಕಳನ್ನು ಇಳಿಯಗೊಡಬೇಡಿ. ವರ್ಷವರ್ಷವೂ ನೆನೆದು ಒಣಗುವ ಗೋಡೆಗಳು ಸಡಿಲಗೊಂಡಿವೆ; ನೀರು ಇಳಿದ ಕಾಲದಲ್ಲಿಯೂ ಅವುಗಳ ಬುಡದಲ್ಲಿ ನಿಲ್ಲಬೇಡಿ, ಹತ್ತಬೇಡಿ. ಗೋಡೆಯ ಮೇಲೆ ಹೆಸರು ಗೀಚುವುದು, ಕಸ ಬಿಸುಡುವುದು ಪೂಜೆ ನಡೆದ ಸ್ಥಳಕ್ಕೆ ಸಲ್ಲದು. ಮನೆಯಲ್ಲಿ ಆ ಸೀಮೆಯ ಹಿರಿಯರಿದ್ದರೆ ತಪ್ಪದೆ ಕರೆದೊಯ್ಯಿರಿ. ಅವರು ಬೆರಳಿಟ್ಟು ತೋರಿಸಬಲ್ಲದ್ದನ್ನು ಬೇರಾರೂ ತೋರಿಸಲಾರರು.

ಅಂದು ಮರಳುವಾಗ ಸಮಯ ಉಳಿಸಲೆಂದು ಹೆದ್ದಾರಿಯನ್ನೇ ಹಿಡಿದೆವು. ಅತ್ತೆ ದಾರಿಯುದ್ದಕ್ಕೂ ನಿದ್ರಿಸಿದರು. ಊರು ತಲುಪಿದ ಮೇಲೆ ಕಿರಿಯ ಮಗ ಲೋಟದಲ್ಲಿ ನೀರು ತಂದು ಅವರಿಗೆ ಕೊಟ್ಟ. ಅವರು ಅದನ್ನು ಎರಡೂ ಕೈಗಳಿಂದ ಹಿಡಿದು, ಒಂದು ಕ್ಷಣ ನೋಡಿ, ನಿಧಾನವಾಗಿ ಕುಡಿದರು.