ತೆಂಗಿನ ಸೀಮೆಯಲ್ಲಿ ಕೆಂಪೆಲೆ

ಕ್ಯಾಲೆಂಡರ್ ಚಿತ್ರಗಳಲ್ಲಿ ಕೆಂಪೇರಿ ನಿಂತ ಮೇಪಲ್ ಮರ ಕಂಡ ಮಕ್ಕಳು, ಅದನ್ನು ತಿಪಟೂರು ಬಳಿಯ ಬಿಳಿಗೆರೆಯಲ್ಲೂ ಬೆಳೆಸಬಹುದೇ ಎಂದು ಕೇಳಿದರೆ ಆಶ್ಚರ್ಯವಿಲ್ಲ. ಇಕ್ಕಟ್ಟಾದ ಜಾಗದಲ್ಲೂ ನೆಟ್ಟಗೆ ಬೆಳೆಯುವ ಮೇಪಲ್ ತಳಿಗಳಿವೆ ನಿಜ. ಆದರೆ ಅವಕ್ಕೆ ತಿಂಗಳುಗಟ್ಟಲೆ ಕೊರೆಯುವ ಚಳಿ ಬೇಕು. ತೆಂಗಿಗೆ ಒಲಿದ ಹವೆ ಮೇಪಲ್‌ಗೆ ಒಲಿಯದು.

ಎಲೆ ಕೆಂಪಾಗುವುದಾದರೂ ಹೇಗೆ? ಉದುರುವ ಮುನ್ನ ಎಲೆಯ ಪತ್ರಹರಿತ್ತು ಕರಗುತ್ತದೆ; ಅಡಗಿದ್ದ ಹಳದಿ ಹೊರಬೀಳುತ್ತದೆ. ಎಲೆಯಲ್ಲಿನ ಸಕ್ಕರೆಯಿಂದ ಆಂಥೋಸಯನಿನ್ ಎಂಬ ಕೆಂಪು ಹೊಸದಾಗಿ ಹುಟ್ಟುತ್ತದೆ. ಈ ಪಾಠವನ್ನು ನಮ್ಮ ಕಾಡುಬಾದಾಮಿಯೂ ಕಲಿಸುತ್ತದೆ. ಒಣಹವೆಯಲ್ಲಿ ಅದರ ಅಗಲವಾದ ಎಲೆಗಳು ಕೆಂಪಾಗಿಯೇ ಉದುರುತ್ತವೆ.

ಕಾಡುಬಾದಾಮಿಯ ಕೊಂಬೆಗಳು ಅಗಲಕ್ಕೆ ಹರಡುವುದರಿಂದ ಅದಕ್ಕೆ ಶಾಲೆಯ ಬಯಲೇ ಸರಿ. ಮನೆಯ ಕಾಂಪೌಂಡಿನ ಅಂಚಿಗೆ, ಕಂಬದಂತೆ ನಿಲ್ಲುವ, ಜನ ‘ಅಶೋಕ’ ಎನ್ನುವ ಮರವನ್ನು ನೆಡಬಹುದು. ಅದರ ಎಳೆಯ ಚಿಗುರಿಗೆ ತಾಮ್ರದ ಬಣ್ಣ. ಮೇಪಲ್ ಸಸಿಗೆ ಹಣ ಸುರಿಯುವ ಮುನ್ನ ಪೋಷಕರು ಮಕ್ಕಳೊಡನೆ ಒಂದು ಬಾದಾಮಿ ಬೀಜ ಊರಿ ನೋಡಲಿ.