ಗಾಡಿಯ ನೀರು ಎಲ್ಲಿ ಹೋಗುತ್ತಿದೆ?



ನಾವು ನಾಲ್ಕು ಜನ ಸೇರಿದರೆ ತೊಗರಿಬೇಳೆಯ ದರ, ಸಿಲಿಂಡರಿನ ದರ, ಬಡಿಸುವ ಹುಡುಗರ ಕೂಲಿ ಇವುಗಳ ಬಗ್ಗೆ ಗಂಟೆಗಟ್ಟಲೆ ಮಾತಾಗುತ್ತದೆ. ಅಡುಗೆ ಹೊತ್ತು ತರುವ ಗಾಡಿಯ ಬಗ್ಗೆ ಮಾತು ಬರುವುದು ಅದು ದಾರಿಯಲ್ಲಿ ನಿಂತಾಗ ಮಾತ್ರ. ಓಖ್ಲಾದಲ್ಲಿ ಕುದಿಸಿದ ಸಾಂಬಾರು ಆರ್.ಕೆ. ಪುರಂನ ಕರ್ನಾಟಕ ಸಂಘಕ್ಕೋ ಗುರುಗ್ರಾಮದ ಮದುವೆ ಮಂಟಪಕ್ಕೋ ಹೊತ್ತಿಗೆ ಸರಿಯಾಗಿ ತಲುಪಿದರಷ್ಟೇ ಅದು ಊಟ. ಬಿಸಿ ಅಡುಗೆ 60 ಡಿಗ್ರಿಗಿಂತ ಕೆಳಗೆ ಇಳಿಯಬಾರದು ಎಂಬ ಆಹಾರ ಸುರಕ್ಷತೆಯ ನಿಯಮವೂ ಇದೆ. 2024ರ ಮೇ 29ರಂದು ಸಫ್ದರ್‌ಜಂಗ್‌ನಲ್ಲಿ 46.8 ಡಿಗ್ರಿ ಬಿಸಿಲು ದಾಖಲಾಯಿತು. ಅಂಥ ದಿನ ರಿಂಗ್ ರೋಡಿನ ಜಾಮಿನಲ್ಲಿ ಎಂಜಿನ್ ಕಾದು ನಿಂತರೆ ಪಂಕ್ತಿಗೆ ಕೂತವರಿಗೆ ನಾವು ಏನು ಹೇಳುವುದು?

ಡೀಸೆಲ್ ಗಾಡಿಗಳ ಮೇಲೆ 2015ರಲ್ಲಿ ಹಸಿರು ನ್ಯಾಯಮಂಡಳಿಯ ಆದೇಶ, 2018ರಲ್ಲಿ ಸುಪ್ರೀಂ ಕೋರ್ಟಿನ ಆದೇಶ ಬಂದ ಮೇಲೆ ನಮ್ಮಲ್ಲಿ ಹಲವರು ಸಿಎನ್‌ಜಿ ಗಾಡಿ ತೆಗೆದುಕೊಂಡೆವು. ಆ ಗಾಡಿಗಳೂ ಈಗ ಹಳೆಯವಾಗಿವೆ. ನಮ್ಮ ಸಣ್ಣ ಲಾರಿಗೆ 9 ವರ್ಷ ತುಂಬಿದೆ. ಅದರಲ್ಲಿ ನಾವು ಕಂಡದ್ದು ಇತರರಿಗೂ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇವೆ.

ಕಾಣದ ಸೋರಿಕೆ

ಕಳೆದ ಬೇಸಿಗೆಯಲ್ಲಿ ಮೂರು ದಿನಕ್ಕೊಮ್ಮೆ ಅರ್ಧ ಲೀಟರ್ ಕೂಲಂಟ್ ಕಡಿಮೆಯಾಗುತ್ತಿತ್ತು. ರಾತ್ರಿ ಗಾಡಿ ನಿಲ್ಲಿಸಿದ ಜಾಗದಲ್ಲಿ ಒಂದು ಹನಿಯೂ ಇಲ್ಲ. ಒಬ್ಬ ಮಿಸ್ತ್ರಿ ರೇಡಿಯೇಟರ್ ಬದಲಿಸಿ ಎಂದ. ಇನ್ನೊಬ್ಬ ಹೆಡ್ ಗ್ಯಾಸ್ಕೆಟ್ ಹೋಗಿದೆ, ಎಂಜಿನ್ ಬಿಚ್ಚಬೇಕು ಎಂದ. ಎರಡೂ ದೊಡ್ಡ ಖರ್ಚು. ಇಬ್ಬರೂ ಪರೀಕ್ಷೆ ಮಾಡಿ ಹೇಳಿದ್ದಲ್ಲ. ಮೂರನೆಯವರು ವಯಸ್ಸಾದ ಉಸ್ತಾದ್. ಅವರು ಮೊದಲು ಪ್ರೆಶರ್ ಹಾಕಿ ನೋಡೋಣ ಎಂದರು.

ಅವರು ಹೇಳಿದ್ದು ಅಡುಗೆಯವರಿಗೆ ಬೇಗ ಅರ್ಥವಾಗುತ್ತದೆ. ರೇಡಿಯೇಟರಿನ ಮುಚ್ಚಳ ಕುಕ್ಕರಿನ ವೆಯ್ಟ್ ಇದ್ದ ಹಾಗೆ. ಒಳಗೆ ಒತ್ತಡ ಇದ್ದರೆ ನೀರು 100 ಡಿಗ್ರಿ ದಾಟಿದರೂ ಕುದಿಯುವುದಿಲ್ಲ. ಗಾಡಿ ಓಡುವಾಗ ಈ ಒತ್ತಡ ಏರಿ ಸಣ್ಣ ಸೀಳಿನಿಂದ ಹನಿ ಹೊರಬರುತ್ತದೆ. ಆದರೆ ಆ ಹನಿ ಕಾದ ಸೈಲೆನ್ಸರ್ ಪೈಪಿನ ಮೇಲೆ ಬಿದ್ದರೆ ಕಾವಲಿಗೆ ನೀರು ಚಿಮುಕಿಸಿದಂತೆ ಆರಿಹೋಗುತ್ತದೆ. ಗಾಡಿ ತಣ್ಣಗಾದ ಮೇಲೆ ಒತ್ತಡ ಇಲ್ಲ, ಹನಿಯೂ ಇಲ್ಲ. ಬಿಸಿ ಇದ್ದಾಗಲೂ ಕಾಣುವುದಿಲ್ಲ, ತಣ್ಣಗಿದ್ದಾಗಲೂ ಕಾಣುವುದಿಲ್ಲ. ಆದ್ದರಿಂದ ಬಿಸಿ ಇಲ್ಲದೆ ಒತ್ತಡ ಮಾತ್ರ ಕೊಡಬೇಕು.

ಬೆಳಿಗ್ಗೆ ತಣ್ಣಗಿನ ಎಂಜಿನ್ನಿಗೆ, ಮುಚ್ಚಳದ ಜಾಗದಲ್ಲಿ ಕೈಪಂಪು ಕೂರಿಸಿದರು. ಮುಚ್ಚಳದ ಮೇಲೆ ಬರೆದಷ್ಟೇ ಒತ್ತಡ ಕೊಟ್ಟರು, ಹೆಚ್ಚಲ್ಲ. ಅದಕ್ಕಿಂತ ಹೆಚ್ಚು ಕೊಟ್ಟರೆ ಹಳೆಯ ಪೈಪು ಒಡೆಯಬಹುದು. ಗಾಡಿ ಕೆಳಗೆ ರಟ್ಟು ಹಾಸಿದರು. ಮುಳ್ಳು ನಿಧಾನವಾಗಿ ಇಳಿಯತೊಡಗಿತು. ಅರ್ಧ ಗಂಟೆಯಲ್ಲಿ ರಟ್ಟಿನ ಮೇಲೆ ಎರಡು ಹಸಿರು ಹನಿ.

ಸಿಎನ್‌ಜಿ ಗಾಡಿಯ ಗುಟ್ಟು

ಹನಿ ಬಂದದ್ದು ರೇಡಿಯೇಟರಿನಿಂದಲ್ಲ, ಸಿಎನ್‌ಜಿ ರೆಡ್ಯೂಸರಿಗೆ ಹೋಗುವ ತೆಳು ಪೈಪಿನಿಂದ. ಸಿಲಿಂಡರಿನಲ್ಲಿ ಗ್ಯಾಸ್ ಸುಮಾರು 200 ಬಾರ್ ಒತ್ತಡದಲ್ಲಿರುತ್ತದೆ. ರೆಡ್ಯೂಸರ್ ಅದನ್ನು ಒಮ್ಮೆಲೇ ಇಳಿಸುವಾಗ ವಿಪರೀತ ತಂಪಾಗುತ್ತದೆ. ದೊಡ್ಡ ಒಲೆಗೆ ಹಚ್ಚಿದ ನಮ್ಮ ಅಡುಗೆ ಸಿಲಿಂಡರಿನ ಮೈಮೇಲೆ ಮಂಜು ಕಟ್ಟುವುದನ್ನು ನೋಡಿದ್ದೀರಿ. ಕಾರಣ ಸ್ವಲ್ಪ ಬೇರೆ, ಆದರೆ ತಂಪು ಹಾಗೆಯೇ. ರೆಡ್ಯೂಸರ್ ಹೆಪ್ಪುಗಟ್ಟದಿರಲಿ ಎಂದು ಎಂಜಿನ್ನಿನ ಬಿಸಿನೀರನ್ನು ಎರಡು ಪೈಪುಗಳಲ್ಲಿ ಅದರ ಸುತ್ತ ಹರಿಸುತ್ತಾರೆ. ಮೂಲೆಯಲ್ಲಿರುವ ಈ ಪೈಪುಗಳ ಕಡೆ ಯಾರ ಕಣ್ಣೂ ಹೋಗುವುದಿಲ್ಲ. ನಮ್ಮ ಗಾಡಿಯಲ್ಲಿ ಕ್ಲಾಂಪಿನ ಅಡಿ ರಬ್ಬರ್ ಬಿರಿದು, ಸುತ್ತ ಹಸಿರು ಬಿಳುಪಿನ ಪುಡಿ ಕಟ್ಟಿತ್ತು. ಹೊಸ ಪೈಪು ಮತ್ತು ಕ್ಲಾಂಪಿಗೆ 400 ರೂಪಾಯಿಯೂ ಆಗಲಿಲ್ಲ.

ಸದಸ್ಯರು ಗಮನಿಸಬೇಕಾದದ್ದು

1. ಬೆಳಿಗ್ಗೆ ತಣ್ಣಗಿದ್ದಾಗ ಕೂಲಂಟ್ ಬಾಟಲಿಯ ಮಟ್ಟ ನೋಡಿ, ಸ್ಟಾಕ್ ಪುಸ್ತಕ ಬರೆದಂತೆ ತಾರೀಖು ಹಾಕಿ ಬರೆಸಿ. ಬರೀ ನೀರು ತುಂಬುತ್ತಾ ಹೋದರೆ ರೋಗ ಮುಚ್ಚಿಹೋಗುತ್ತದೆ.

2. ಹುಡುಕುವ ಕ್ರಮ: ಮುಚ್ಚಳದ ರಬ್ಬರ್, ಪೈಪು ಮತ್ತು ಕ್ಲಾಂಪು, ರೆಡ್ಯೂಸರಿನ ಪೈಪು, ವಾಟರ್ ಪಂಪಿನ ಕೆಳಗಿನ ಸಣ್ಣ ತೂತು, ರೇಡಿಯೇಟರಿನ ಅಂಚು. ಎಂಜಿನ್ ಬಿಚ್ಚುವ ಮಾತು ಕೊನೆಗೆ.

3. ಪ್ರೆಶರ್ ಇಳಿಯುತ್ತಿದ್ದು ಹೊರಗೆ ಹನಿ ಕಾಣದಿದ್ದರೆ ಆಗ ಹೆಡ್ ಗ್ಯಾಸ್ಕೆಟ್ ಬಗ್ಗೆ ಅನುಮಾನ ಪಡಿ. ಆಯಿಲ್ ಹಾಲು ಬೆರೆಸಿದ ಕಾಫಿಯಂತಾಗಿದೆಯೇ, ಸೈಲೆನ್ಸರಿನಿಂದ ಬಿಳಿ ಹೊಗೆ ನಿಲ್ಲದೆ ಬರುತ್ತಿದೆಯೇ ನೋಡಿ. ರೆಡ್ಯೂಸರ್ ಒಳಗೇ ಸೋರಿ ಕೂಲಂಟ್ ಗ್ಯಾಸಿನ ಜೊತೆ ಎಂಜಿನ್ನಿಗೆ ಹೋಗುವುದೂ ಉಂಟು. ಅದನ್ನೂ ತೋರಿಸಿ.

4. ರೇಡಿಯೇಟರಿಗೆ ಅರಿಶಿನ ಪುಡಿ ಹಾಕುವುದು ಡ್ರೈವರುಗಳ ಹಳೆಯ ಉಪಾಯ. ಅದು ಸಣ್ಣ ದಾರಿಗಳನ್ನೂ ಕಟ್ಟಿಬಿಡುತ್ತದೆ. ಅರಿಶಿನ ಸಾಂಬಾರಿಗೇ ಇರಲಿ.

5. ಬಿಸಿ ಇರುವಾಗ ಮುಚ್ಚಳ ತೆಗೆಯಲು ಯಾರಿಗೂ ಬಿಡಬೇಡಿ. ಮುಖ ಕೈ ಬೆಂದುಹೋಗುತ್ತದೆ.

6. ಎಲ್ಲಕ್ಕಿಂತ ಮುಖ್ಯ: ಸಾಮಾನ್ಯ ಕೂಲಂಟಿನಲ್ಲಿ ಎಥಿಲೀನ್ ಗ್ಲೈಕಾಲ್ ಇರುತ್ತದೆ. ರುಚಿ ಸಿಹಿ, ಆದರೆ ವಿಷ, ಮೂತ್ರಪಿಂಡ ಕೆಡಿಸುತ್ತದೆ. ಅದನ್ನು ನೀರಿನ ಬಾಟಲಿಯಲ್ಲೋ ತುಪ್ಪದ ಡಬ್ಬದಲ್ಲೋ ಹಾಕಿ ಅಡುಗೆ ಪಾತ್ರೆಗಳ ಜೊತೆ ಇಡಬೇಡಿ. ಅಡುಗೆಮನೆಯ ಸೌಟು, ಚೊಂಬು, ಆಲಿಕೆ ಗಾಡಿಯ ಹತ್ತಿರ ಹೋಗಬಾರದು.

ಮದುವೆ ಸೀಸನ್ ಶುರುವಾಗುವ ಮೊದಲು ಒಂದು ಬೆಳಿಗ್ಗೆ ಈ ಪರೀಕ್ಷೆಗಾಗಿ ಗಾಡಿ ಬಿಡುವು ಮಾಡಿ. ಒಂದು ಗಂಟೆಯ ಕೆಲಸ. ಮಿಸ್ತ್ರಿ ಯಾವ ಭಾಗ ಬದಲಿಸಿ ಎಂದರೂ, ಸೋರುವ ಜಾಗವನ್ನು ಕಣ್ಣಾರೆ ತೋರಿಸಿ ಎಂದು ಕೇಳಿ. ಆಮೇಲೆ ದುಡ್ಡು ಕೊಡಿ.