ತರಂಗಗಳ ನಡುವಣ ತೆರಪು

ಟೆಲಿವಿಷನ್ ಚಿತ್ರವನ್ನು ಹೊತ್ತು ಬರುವ ರೇಡಿಯೋ ತರಂಗಗಳು ಕಣ್ಣಿಗೆ ಕಾಣವು. ಆದರೂ ಅವುಗಳಿಗೆ ಸ್ಥಳ ಬೇಕು. ಈ ಸ್ಥಳವು ನೆಲದ ಮೇಲಿನದಲ್ಲ, ಆವೃತ್ತಿಗಳ ಸಾಲಿನಲ್ಲಿರುವುದು. ತರಂಗವು ಸೆಕೆಂಡಿಗೆ ಎಷ್ಟು ಬಾರಿ ಕಂಪಿಸುವುದೋ ಅದೇ ಅದರ ಆವೃತ್ತಿ. ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಒಂದೊಂದು ಟೆಲಿವಿಷನ್ ಚಾನೆಲಿಗೂ ೬ ಮೆಗಾಹರ್ಟ್ಸ್, ಎಂದರೆ ಸೆಕೆಂಡಿಗೆ ೬೦ ಲಕ್ಷ ಕಂಪನಗಳಷ್ಟು ಅಗಲದ ಪಟ್ಟಿಯನ್ನು ಮೀಸಲಾಗಿರಿಸಿದ್ದಾರೆ. ಒಂದೇ ಚಾನೆಲಿನ ಎರಡು ಪ್ರಸಾರಕೇಂದ್ರಗಳು ಸಮೀಪದಲ್ಲಿದ್ದರೆ ಎರಡರ ಚಿತ್ರವೂ ಕೆಡುವುದು. ಆದುದರಿಂದ ಅವುಗಳನ್ನು ಬಹುದೂರದಲ್ಲಿ ಸ್ಥಾಪಿಸಬೇಕಾಗುತ್ತದೆ. ಇದರ ಫಲವಾಗಿ ಊರೂರಿನಲ್ಲಿಯೂ ಕೆಲವು ಚಾನೆಲುಗಳು ಬರಿದಾಗಿ ಉಳಿಯುವುವು. ಮಹಾನಗರಗಳಲ್ಲಿ ಈ ತೆರಪು ಅಲ್ಪ. ಜನವಿರಳವಾದ ಹಳ್ಳಿಗಾಡಿನಲ್ಲಿ ಅಧಿಕ.

ಈ ತೆರಪಿಗೆ ಏಕೆ ಇಷ್ಟು ಬೆಲೆ? ೬೦೦ ಮೆಗಾಹರ್ಟ್ಸ್ ಆವೃತ್ತಿಯ ಟೆಲಿವಿಷನ್ ತರಂಗದ ಉದ್ದ ೫೦ ಸೆಂಟಿಮೀಟರ್. ಮನೆಗಳಲ್ಲಿ ಬಳಸುವ ೨೪೦೦ ಮೆಗಾಹರ್ಟ್ಸಿನ ವೈ-ಫೈ ತರಂಗದ ಉದ್ದ ಹನ್ನೆರಡೂವರೆ ಸೆಂಟಿಮೀಟರ್ ಮಾತ್ರ. ಉದ್ದವಾದ ತರಂಗವು ಅಡಚಣೆಯ ಅಂಚಿನಲ್ಲಿ ಹೆಚ್ಚಾಗಿ ಬಾಗುವುದು. ಗೋಡೆ, ಮರಗಿಡಗಳನ್ನು ದಾಟುವಾಗ ಕಡಿಮೆ ಕ್ಷಯಿಸುವುದು. ತಂತಿ ಎಳೆಯಲು ವೆಚ್ಚ ಅತಿಯಾಗುವ ಹಳ್ಳಿಗಳಿಗೆ ಅಂತರ್ಜಾಲವನ್ನು ಒಯ್ಯಲು ಇದಕ್ಕಿಂತ ಒಳ್ಳೆಯ ವಾಹನ ಸುಲಭವಾಗಿ ದೊರೆಯದು. ಆದುದರಿಂದಲೇ ಆ ದೇಶದ ಫೆಡರಲ್ ಕಮ್ಯೂನಿಕೇಷನ್ಸ್ ಕಮಿಷನ್ ೨೦೦೮ರ ನವೆಂಬರ್ ೪ರಂದು, ಬರಿದಾದ ಚಾನೆಲುಗಳಲ್ಲಿ ಪರವಾನಗಿಯಿಲ್ಲದೆ ನಿಸ್ತಂತು ಉಪಕರಣಗಳನ್ನು ಬಳಸಬಹುದೆಂದು ತೀರ್ಮಾನಿಸಿತು.

ಆಕ್ಷೇಪಣೆಗಳೂ ಬಲವಾಗಿದ್ದುವು. ಪ್ರಸಾರಕೇಂದ್ರದವರು ತಮ್ಮ ವೀಕ್ಷಕರ ಚಿತ್ರ ಕೆಟ್ಟೀತೆಂದು ಅಂಜಿದರು. ನಾಟಕಶಾಲೆಗಳ ತಂತಿಯಿಲ್ಲದ ಮೈಕ್ರೊಫೋನುಗಳೂ ಇದೇ ತೆರಪುಗಳನ್ನು ಆಶ್ರಯಿಸಿದ್ದುವು. ಅಭಿನಯದ ನಡುವೆ ನಟನ ಧ್ವನಿ ಕಡಿದುಹೋದರೆ ಆಟವೇ ಕೆಟ್ಟಂತೆ. ಗಾಯಕಿ ಡಾಲಿ ಪಾರ್ಟನ್ ಅವರೂ ಕಮಿಷನ್ನಿಗೆ ಪತ್ರ ಬರೆದು ತಮ್ಮ ಆಕ್ಷೇಪವನ್ನು ತಿಳಿಸಿದರು.

ವಿವಾದದ ತಿರುಳು ಭೌತವಿಜ್ಞಾನದ್ದು. ಒಂದು ಚಾನೆಲ್ ಬರಿದಾಗಿದೆಯೆಂಬುದನ್ನು ಉಪಕರಣವು ಅರಿಯುವುದು ಹೇಗೆ? ಮೊದಲು ಕಿವಿಗೊಟ್ಟು ಕೇಳಲಿ, ಏನೂ ಕೇಳಿಸದಿದ್ದರೆ ಮಾತನಾಡಲಿ ಎಂಬುದು ಸಹಜವಾದ ಉತ್ತರ. ಆದರೆ ಉಪಕರಣವು ಗುಡ್ಡದ ತಪ್ಪಲಿನಲ್ಲಿದೆಯೆಂದು ಭಾವಿಸೋಣ. ಗುಡ್ಡದ ಆಚೆಯ ಕೇಂದ್ರದ ಸಂಕೇತ ಅದನ್ನು ತಲಪುವ ವೇಳೆಗೆ ತೀರ ಕ್ಷೀಣವಾಗಿರುವುದು. ಗುಡ್ಡದ ನೆತ್ತಿಯ ಮನೆಯಲ್ಲಾದರೋ ಅದೇ ಕೇಂದ್ರದ ಚಿತ್ರ ಮೂಡುತ್ತಿದೆ. ಕೆಳಗಿನ ಉಪಕರಣವು ಚಾನೆಲ್ ಬರಿದೆಂದು ನಂಬಿ ಪ್ರಸಾರಮಾಡಿದರೆ ಮೇಲಿನ ಮನೆಯವರ ಚಿತ್ರ ಕೆಡುವುದು. ಟೆಲಿವಿಷನ್ ಗ್ರಾಹಕಯಂತ್ರವು ತಾನಿದ್ದೇನೆಂದು ಸಾರುವುದಿಲ್ಲವಷ್ಟೆ! ಕೇಳಿಸದಿರುವುದು ಬೇರೆ, ಇಲ್ಲದಿರುವುದು ಬೇರೆ. ೨೦೦೭ರಲ್ಲಿ ಕಮಿಷನ್ ಪರೀಕ್ಷಿಸಿದ ಮಾದರಿ ಉಪಕರಣಗಳು ಪ್ರಸಾರಸಂಕೇತಗಳನ್ನು ತಪ್ಪದೆ ಗುರುತಿಸಲು ಅಸಮರ್ಥವಾದುವು. ಕಿವಿಯನ್ನು ಅತಿಸೂಕ್ಷ್ಮಗೊಳಿಸಿದರೆ ಇನ್ನೊಂದು ತೊಂದರೆ: ಬಹುದೂರದ ಕೇಂದ್ರದ ನಿರುಪಯುಕ್ತವಾದ ಪಿಸುಮಾತೂ ಕೇಳಿಸಿ, ತೆರಪಿದ್ದಲ್ಲಿಯೂ ಉಪಕರಣ ಸುಮ್ಮನಿರಬೇಕಾಗುವುದು.

ಪರಿಹಾರವು ಕಿವಿಯಿಂದ ಬರಲಿಲ್ಲ, ದಾಖಲೆಪುಸ್ತಕದಿಂದ ಬಂದಿತು. ಪ್ರಸಾರಕೇಂದ್ರಗಳ ಸ್ಥಾನ, ಸಾಮರ್ಥ್ಯ, ಆಂಟೆನಾದ ಎತ್ತರ ಇವು ಸರ್ಕಾರಕ್ಕೆ ತಿಳಿದ ಸಂಗತಿಗಳು. ಇವುಗಳಿಂದ ಯಾವ ಚಾನೆಲನ್ನು ಎಲ್ಲಿಯವರೆಗೆ ರಕ್ಷಿಸಬೇಕೆಂದು ಗಣಿಸಬಹುದು. ೨೦೧೦ರ ನಿಯಮಗಳ ಪ್ರಕಾರ ಉಪಕರಣವು ತನ್ನ ಸ್ಥಾನವನ್ನು ೫೦ ಮೀಟರಿನೊಳಗೆ ನಿಷ್ಕರ್ಷಿಸಿ, ದಿನಕ್ಕೊಮ್ಮೆಯಾದರೂ ಕೇಂದ್ರ ದಾಖಲೆಯನ್ನು ವಿಚಾರಿಸಿ, ಅದು ತೋರಿಸಿದ ಚಾನೆಲಿನಲ್ಲಿ ಮಾತ್ರ ಪ್ರಸಾರಮಾಡಬೇಕು. ದೊಡ್ಡ ನಾಟಕಶಾಲೆಗಳು ತಮ್ಮ ಪ್ರದರ್ಶನಗಳನ್ನು ಅದೇ ದಾಖಲೆಯಲ್ಲಿ ನಮೂದಿಸಿ ರಕ್ಷಣೆ ಪಡೆಯಬಹುದು. ದಾಖಲೆಯನ್ನು ವಿಚಾರಿಸುವ ಉಪಕರಣಕ್ಕೆ ಕಿವಿಗೊಟ್ಟು ಕೇಳುವ ಕಟ್ಟಳೆಯನ್ನು ಕಮಿಷನ್ ಕೈಬಿಟ್ಟಿತು. ಸ್ಥಿರ ಉಪಕರಣಕ್ಕೆ ೪ ವ್ಯಾಟ್, ಕೈಯಲ್ಲಿ ಒಯ್ಯುವುದಕ್ಕೆ ಒಂದು ವ್ಯಾಟಿನ ಹತ್ತನೆಯ ಒಂದು ಭಾಗ ಎಂಬ ಮಿತಿಯೂ ಇದ್ದಿತು. ೨೦೧೨ರ ಜನವರಿಯಲ್ಲಿ ಉತ್ತರ ಕ್ಯಾರೊಲಿನದ ವಿಲ್ಮಿಂಗ್‌ಟನ್ ಪ್ರದೇಶದಲ್ಲಿ ಇಂತಹ ಜಾಲವು ಬಳಕೆಗೆ ಬಂದಿತು.

ಮುಂದೆ ನಡೆದುದು ಬಯಸಿದಂತೆಯೇ ಆಗಲಿಲ್ಲ. ೨೦೧೭ರಲ್ಲಿ ಮುಗಿದ ಹರಾಜಿನ ಫಲವಾಗಿ ೩೮ರಿಂದ ಮೇಲಿನ ಚಾನೆಲುಗಳ ೮೪ ಮೆಗಾಹರ್ಟ್ಸ್ ಟೆಲಿವಿಷನ್ನಿನ ಕೈಬಿಟ್ಟಿತು. ಅದರ ಬಹುಭಾಗ ಮೊಬೈಲ್ ಫೋನುಗಳ ಪಾಲಾಯಿತು. ಪ್ರಸಾರಕೇಂದ್ರಗಳು ಉಳಿದ ಚಾನೆಲುಗಳಲ್ಲಿ ಒತ್ತಾಗಿ ಕುಳಿತುವು, ತೆರಪು ಕಿರಿದಾಯಿತು. ತೆರಪು ಹೆಚ್ಚಾಗಿರುವ ಪ್ರದೇಶಗಳ ಸ್ಥಿರ ಉಪಕರಣಗಳಿಗೆ ೨೦೨೦ರಲ್ಲಿ ೧೬ ವ್ಯಾಟಿನವರೆಗೆ ಅನುಮತಿ ದೊರೆತರೂ ಅವು ನಿರೀಕ್ಷಿಸಿದಷ್ಟು ಹರಡಲಿಲ್ಲ.

ಆದರೆ ವಿಧಾನವು ವ್ಯರ್ಥವಾಗಲಿಲ್ಲ. ಇಂದು ಆ ದೇಶದ ನೌಕಾದಳದ ರೇಡಾರುಗಳು ಬಳಸುವ ೩೫೦೦ ಮೆಗಾಹರ್ಟ್ಸಿನ ಸುತ್ತಣ ಪಟ್ಟಿಯನ್ನು ಇತರರೂ ಹಂಚಿಕೊಂಡಿರುವುದು, ಅಪ್ಪಣೆ ಕೊಡುವ ಇಂತಹದೇ ಕೇಂದ್ರ ವ್ಯವಸ್ಥೆಯ ನೆರವಿನಿಂದ. ತರಂಗಗಳ ರಾಜ್ಯದಲ್ಲಿ ಹೊಸ ನೆಲವನ್ನು ಸೃಷ್ಟಿಸಲು ನಮಗೆ ಸಾಧ್ಯವಿಲ್ಲ. ಇರುವ ನೆಲದಲ್ಲಿ ಯಾರು, ಎಲ್ಲಿ, ಎಂದು ವಾಸಿಸುತ್ತಿದ್ದಾರೆಂಬ ನಿಜವಾದ ಲೆಕ್ಕವನ್ನು ಇಟ್ಟರೆ ಮಾತ್ರ, ಇದ್ದವರನ್ನು ನೋಯಿಸದೆ ಬಂದವರಿಗೆ ಎಡೆಕೊಡಬಲ್ಲೆವು.